ಎರಡೂ ಕಡೆಯವರ ರಕ್ತ

ನನಗೆ ಫಿಟ್ಸ್ ಬರುತ್ತವೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಒಂದು ಮಾತು ಹೇಳಲು ನಮ್ಮ ಮನೆಯವರು ಕಂಪ್ಲಿ ತನಕ ಸುತ್ತು ಹಾಕಿ ಬರುತ್ತಾರೆ. ‘ಶಿಲ್ಪಾಗ ಸ್ವಲ್ಪ ಅದು’ ಅನ್ನುತ್ತಾರೆ. ‘ಆಕಿಗೆ ಒಮ್ಮೊಮ್ಮೆ ಹಂಗ’ ಅನ್ನುತ್ತಾರೆ. ‘ಬಿಸಿಲಿಗೆ ತಲಿ ಸುತ್ತು’ ಅನ್ನುವುದಂತೂ ದಿನದ ಮಾತು. ಸಂಕ್ರಾಂತಿ ಚಳಿಯಲ್ಲಿ, ಹೊತ್ತು ಹುಟ್ಟುವ ಮೊದಲೇ, ಹಾಸಿಗೆಯಲ್ಲಿ ಮಲಗಿದ್ದಾಗ ಬಂದರೂ ಅದು ಬಿಸಿಲಿಗೇ ಬಂದದ್ದು. ಕೇಳಿ ಕೇಳಿ ನನ್ನ ಕಿವಿ ಕೆಟ್ಟುಹೋಗಿವೆ.

ನನ್ನ ಪೂರಾ ಹೆಸರು ಶಿಲ್ಪಶ್ರೀ. ಕಡ್ಡಿರಾಂಪುರದಲ್ಲಿ, ಹಂಪಿ ರಸ್ತೆಗೆ ಮುಖ ಮಾಡಿ, ನಮ್ಮದೊಂದು ಒಗ್ಗರಣಿ ಮಿರ್ಚಿ ಅಂಗಡಿ ಇದೆ. ಮಂಡಕ್ಕಿ ಒಗ್ಗರಣೆ ಅವ್ವನದು, ಮಿರ್ಚಿ ನನ್ನದು. ಹಿಟ್ಟಿನ ಹದ ನನಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ದಿನವೆಲ್ಲ ಗುಡಿ ಗೋಪುರ ನೋಡಿ ಕಾಲು ಬಿದ್ದುಹೋದ ಜನ ನಮ್ಮ ಬೆಂಚಿನ ಮೇಲೆ ಕುಸಿದು, ಒಂದು ಮಿರ್ಚಿ ಕಚ್ಚಿ, ಹಾ ಹೂ ಅಂದು, ಕಣ್ಣು ಮೂಗು ಒರೆಸಿಕೊಂಡು ಇನ್ನೊಂದು ಪ್ಲೇಟ್ ಹೇಳುತ್ತಿದ್ದರು. ಬಾಣಲೆ ಮುಂದೆ ನಿಂತರೆ ನಾನು ಯಾರಪ್ಪನ ಮಾತೂ ಕೇಳುವವಳಲ್ಲ.

ಹೋದ ವರ್ಷ ಉಗಾದಿಯ ಆಸುಪಾಸು ಆ ಬಾಣಲೆ ಮುಂದೆಯೇ ಬಿದ್ದೆ. ದೇವರ ದಯೆ, ನಾನು ಈ ಕಡೆ ಉರುಳಿದೆ, ಎಣ್ಣೆ ಆ ಕಡೆ ಉರುಳಿತು. ಅಂದಿನಿಂದ ಒಲೆ ಹತ್ತಿರ ಸುಳಿಯುವಂತಿಲ್ಲ. ನನಗೆ ಪೇಪರ್ ಹರಿದು ಚೌಕ ಮಾಡುವ ಕೆಲಸ ಕೊಟ್ಟರು. ಮಿರ್ಚಿ ಕರಿಯಲು ಅಪ್ಪ ನಿಂತ. ಅಪ್ಪ, ಅಂದರೆ ಗಾದಿಲಿಂಗಪ್ಪ, ಸಂಡೂರಿನಲ್ಲಿ ವರ್ಷಗಟ್ಟಲೆ ಅದಿರು ಲಾರಿ ಓಡಿಸಿದ ಮನುಷ್ಯ. ಆತ ಕರಿದ ಮಿರ್ಚಿ ಮೇಲೆ ಒಂದು ಲಾರಿ ಹೋಗಿರಬಹುದು ಅನ್ನಿಸುತ್ತದೆ. ಗಿರಾಕಿಗಳು ಒಂದು ಕಚ್ಚಿ, ಒಬ್ಬರ ಮುಖ ಒಬ್ಬರು ನೋಡಿ, ಚಹಾ ಅಷ್ಟೇ ಕುಡಿದು ಎದ್ದು ಹೋಗುವುದನ್ನು ನಾನು ಪೇಪರ್ ಹರಿಯುತ್ತ ನೋಡಬೇಕು. ಹೊಟ್ಟೆ ಉರಿಯುವುದಿಲ್ಲವೇ? ನನಗೆ ಬೇಕಾದದ್ದು ಇಷ್ಟೇ. ಮತ್ತೆ ಬಾಣಲೆ ಮುಂದೆ ನಿಲ್ಲಬೇಕು. ಅದಕ್ಕೆ ಈ ಹಾಳು ಫಿಟ್ಸ್ ನಿಲ್ಲಬೇಕು.

ಅವೇನು ನಿಲ್ಲುತ್ತವೆ! ಒಂದು ಗುಳಿಗೆ ಕೊಟ್ಟರು, ನಿಲ್ಲಲಿಲ್ಲ. ಅದರ ಜೊತೆಗೆ ಇನ್ನೊಂದು ಕೊಟ್ಟರು, ಆಗಲೂ ನಿಲ್ಲಲಿಲ್ಲ. ಮೂರನೆಯದು ಸೇರಿಸಿದ ಮೇಲೆ ಬೀಳುವುದು ಹೆಚ್ಚೇ ಆಯಿತು. ಕೊನೆಗೆ ವಾರಕ್ಕೊಮ್ಮೆ ಹೊಸಪೇಟೆಗೆ ಬರುವ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಹಳೆಯ ಚೀಟಿಗಳನ್ನೆಲ್ಲ ಓದಿ, ಇದು ಔಷಧಿಗೆ ಬಗ್ಗದ ಜಾತಿಯ ಫಿಟ್ಸ್, ಇಂಥವು ಕೆಲವು ಸಲ ಹುಟ್ಟಿನಿಂದಲೇ ಜೀನಿನಲ್ಲಿರುತ್ತವೆ ಎಂದರು. ನನ್ನ ರಕ್ತದ ಜೊತೆ ಅಪ್ಪ ಅವ್ವನ ರಕ್ತವೂ ಪರೀಕ್ಷೆಗೆ ಹೋಗಬೇಕು ಎಂದರು.

“ನಿಮ್ಮ ವಂಶದಲ್ಲಿ ಯಾರಿಗಾದರೂ ಮೊದಲು...” ಎಂದು ಅವರು ಬಾಯಿ ತೆರೆದದ್ದಷ್ಟೇ.

“ಯಾರಿಗೂ ಇಲ್ಲ ಸಾರ್!” ಎಂದ ಅಪ್ಪ. ಪ್ರತಿ ಡಾಕ್ಟರ ಮುಂದೆಯೂ ಆತ ಹೀಗೆಯೇ, ಪ್ರಶ್ನೆ ಮುಗಿಯುವ ಮೊದಲೇ.

ವಂಶ ಅನ್ನುವ ಮಾತು ಮನೆಗೆ ಬಂದದ್ದೇ ತಡ, ಯುದ್ಧ ಶುರುವಾಯಿತು. ಇಲ್ಲಿ ನಮ್ಮ ಸಂಬಂಧ ಸ್ವಲ್ಪ ಬಿಡಿಸಿ ಹೇಳಬೇಕು. ಹೆದರಬೇಡಿ, ಸಸಾರವಾಗಿದೆ. ಅಪ್ಪನ ತಾಯಿ ಊರಮ್ಮ, ನನಗೆ ದೊಡ್ಡಜ್ಜಿ, ನಮ್ಮ ಜೊತೆಗೇ ಕಡ್ಡಿರಾಂಪುರದಲ್ಲಿರುತ್ತಾಳೆ. ಅವ್ವನ ತಾಯಿ ಭೀಮವ್ವ, ನನಗೆ ಸಣ್ಣಜ್ಜಿ, ಇರುವುದು ಸಂಡೂರಿನಲ್ಲಿ. ಈ ಭೀಮವ್ವ ಆ ಊರಮ್ಮನ ಹಿರಿಯ ಮಗಳು. ನಮ್ಮಪ್ಪ ತನ್ನ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿದ್ದಾನೆ, ಅಷ್ಟೇ. ಅವ್ವ ಇವತ್ತಿಗೂ ಗಂಡನನ್ನು ಮಾವ ಎಂದೇ ಕರೆಯುವುದು.

ಹೀಗಾಗಿ ನನ್ನ ಇಬ್ಬರು ಅಜ್ಜಿಯರು ತಾಯಿ ಮಗಳು. ಆದರೆ ಅಪ್ಪ ಅವ್ವನ ಮದುವೆಯಲ್ಲಿ ಗಂಡಿನ ಕಡೆಯ ಪಂಕ್ತಿಗೆ ಎರಡನೇ ಸಲ ಗೋಧಿಹುಗ್ಗಿ ಬರಲಿಲ್ಲವಂತೆ. ಅಂದಿನಿಂದ ಅವರು ಬೀಗತೇರು. ಸಮಾಧಾನದಲ್ಲಿದ್ದಾಗ ‘ಯವ್ವಾ’, ‘ಏನಬೇ ಭೀಮೀ’ ಎಂದು ಒಬ್ಬರ ತಲೆ ಒಬ್ಬರು ನೋಡುತ್ತ ಕೂತಿರುತ್ತಾರೆ. ಜಗಳ ಬಂತೋ, ಇಬ್ಬರ ಬಾಯಲ್ಲೂ ‘ರೀ’ ಬರುತ್ತದೆ. ಹೆತ್ತ ಮಗಳಿಗೆ ತಾಯಿ ‘ಏನ್ರೀ ಬೀಗತೇರ’ ಅನ್ನುವುದನ್ನು ನೀವು ಬೇರೆ ಎಲ್ಲೂ ಕೇಳಿರಲಿಕ್ಕಿಲ್ಲ.

“ನಮ್ಮ ವಂಶದಾಗ ಇಂಥಾದ್ದು ಇಲ್ರೀ. ಇದು ಸಂಡೂರು ಕಡಿಂದ ಬಂದದ್ದು,” ಎಂದು ದೊಡ್ಡಜ್ಜಿ ಫೋನಿನಲ್ಲಿ ಕೂಗಿದಳು.

“ನಮ್ಮ ಕಡಿ ರಕ್ತ ಬಂಗಾರದಂಥಾದ್ದು. ನಿಮ್ಮ ಕಡಿ ನೋಡ್ಕೊಳ್ರಿ ಮೊದಲು,” ಎಂದು ಸಣ್ಣಜ್ಜಿ ಆ ತುದಿಯಿಂದ ಕೂಗಿದಳು. ಸಂಡೂರಿಗೆ ಫೋನೇ ಬೇಕಿರಲಿಲ್ಲ, ಹಾಗೆಯೇ ಕೇಳುತ್ತಿತ್ತು.

ನಾನು ಫೋನು ಕಸಿದುಕೊಂಡು, “ಅಜ್ಜೀ, ನೀನು ಹುಟ್ಟಿದ್ದು ಯಾರ ಹೊಟ್ಟ್ಯಾಗ?” ಎಂದು ಕೇಳಿದೆ.

“ಅದು ಬ್ಯಾರೆ ಮಾತು. ನೀನು ಸಣ್ಣಾಕಿ, ಸುಮ್ಕಿರು,” ಎಂದಳು.

ಈ ಗದ್ದಲದಲ್ಲಿ ಬೈಸಿಕೊಂಡವಳು ಮಾತ್ರ ನಮ್ಮವ್ವ ಪಂಪಾವತಿ. ನಾನು ಹೊಟ್ಟೆಯಲ್ಲಿದ್ದಾಗ ಗ್ರಹಣದ ಹೊತ್ತಿಗೆ ಹೊರಗೆ ಬಂದಿದ್ದಳು, ತುಳಿಯಬಾರದ್ದು ತುಳಿದಿದ್ದಳು, ಬಿಕ್ಕಳಿಸಿದ್ದಳು, ಏನೇನೋ. ಅವ್ವ ಯಾವತ್ತೂ ಎದುರು ಮಾತಾಡಿದವಳಲ್ಲ. ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿಯುವುದನ್ನು ನೋಡುತ್ತ ನಿಲ್ಲುತ್ತಿದ್ದಳು.

ರಕ್ತ ಕೊಡುವ ದಿನ ಬಂತು. ಬೇಕಾಗಿದ್ದವರು ಮೂರು ಜನ. ಹೊಸಪೇಟೆ ಆಸ್ಪತ್ರೆಯ ಮುಂದೆ ನಮ್ಮ ಟಂಟಂ ನಿಂತಾಗ ಅದರಿಂದ ದೊಡ್ಡಜ್ಜಿ, ಅಪ್ಪನ ಕಡೆಯ ನೆಂಟರು ಸೇರಿ ನಮ್ಮ ಓಣಿ ಅರ್ಧ ಇಳಿಯಿತು. ಅಷ್ಟರಲ್ಲಿ ಸಂಡೂರಿನಿಂದ ಒಂದು ಜೀಪು ಬಂದು ನಿಂತು, ಅದರಿಂದ ಸಣ್ಣಜ್ಜಿ, ನನ್ನ ಸೋದರಮಾವ ಜಂಬುನಾಥ್, ಮತ್ತೆ ನಾನು ಹೆಸರು ಮರೆತ ಎಷ್ಟೋ ಮಂದಿ ಇಳಿದರು. ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಬೇಕಾಗಿತ್ತು. ನಮ್ಮ ಕಡೆ ಸ್ವಚ್ಛ ಇದೆ ಎಂದು ಬರೆಸಿಕೊಂಡು ಹೋಗಿ ಇನ್ನೊಂದು ಕಡೆಯವರ ಮುಖಕ್ಕೆ ಹಿಡಿಯಬೇಕು, ಅದೇ ಎರಡೂ ಕಡೆಯವರ ಲೆಕ್ಕ. ಸಣ್ಣಜ್ಜಿ ರಕ್ತ ಶುದ್ಧ ಇರಲಿ ಎಂದು ಹಿಂದಿನ ದಿನದಿಂದ ಉಪವಾಸ ಇದ್ದಳು. ಯಾರೋ ತೆಂಗಿನಕಾಯಿ ಸಹ ತಂದಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.

ವಂಶದ ವಿಚಾರ ಕೇಳಿ ಬರೆದುಕೊಳ್ಳುವ ಮೇಡಂ ಹೆಸರು ಸ್ನೇಹಾ. ದಾವಣಗೆರೆ ಕಡೆಯವರು, ಸಂಯಮದ ಹುಡುಗಿ, ಪಾಪ. “ತಂದೆ ತಾಯಿ ಇಬ್ಬರ ರಕ್ತ ಸಾಕು,” ಎಂದರು.

“ಹಂಗೆಂಗ ಸಾಕಾಕ್ಕೈತಿ? ನಂದು ತಗೋರಿ,” ಎಂದು ದೊಡ್ಡಜ್ಜಿ ಕುಪ್ಪಸದ ತೋಳು ಏರಿಸಿ ಮುಂದೆ ಬಂದಳು. “ಹಳೇ ಮಾಲು, ಪಕ್ಕಾ ಮಾಲು. ಈಗಿನವ್ರದು ಬರೇ ನೀರು.”

“ನಂದು ಮೊದಲು,” ಎಂದಳು ಸಣ್ಣಜ್ಜಿ. “ಉಪಾಸ ಇದ್ದಾಕಿ ನಾನು.”

ಸ್ನೇಹಾ ಮೇಡಂ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ದೊಡ್ಡದೊಂದು ಹಾಳೆ ತೆಗೆದು ನಮ್ಮ ವಂಶದ ಚಿತ್ರ ಬರೆಯಲು ಕೂತರು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ಎಡಗಡೆ ಅಪ್ಪನ ಕಡೆಯವರನ್ನು ಬರೆದರು, ಬಲಗಡೆ ಅವ್ವನ ಕಡೆಯವರನ್ನು. “ಇವರು ನಿಮಗೆ?” ಎಂದು ದೊಡ್ಡಜ್ಜಿಯನ್ನು ತೋರಿಸಿ ನನ್ನನ್ನು ಕೇಳಿದರು. ಅಜ್ಜಿ ಎಂದೆ. “ಅವರು?” ಅವಳೂ ಅಜ್ಜಿ, ಇವಳ ಮಗಳು ಎಂದೆ. ಮೇಡಂ ಬಲಗಡೆಯಿಂದ ಎಡಗಡೆಗೆ ಒಂದು ಗೆರೆ ಎಳೆದರು, ಅಳಿಸಿದರು, ಇನ್ನೊಂದು ಎಳೆದರು. ಆಮೇಲೆ ಸಂಡೂರಿನವರಲ್ಲಿ ಇನ್ನಿಬ್ಬರು ನಮ್ಮ ಮನೆಯಿಂದಲೇ ಹೆಣ್ಣು ತಂದದ್ದು ಹೊರಬಿತ್ತು. ಮೇಡಂ ಪೆನ್ಸಿಲ್ ಕೆಳಗಿಟ್ಟು ನೀರು ಕುಡಿದರು.

ದೊಡ್ಡಜ್ಜಿ ಹಾಳೆಗೆ ಬಗ್ಗಿ ನೋಡಿ, “ಗಂಡಸರ್ನೆಲ್ಲ ಪೆಟಿಗಿ ಮಾಡೀರಿ, ನಮ್ಮನ್ನ ರೊಟ್ಟಿ ಮಾಡೀರಿ. ಇರ್ಲಿ, ಚಲೋ ಬಂದೈತಿ,” ಎಂದಳು.

ಮೇಡಂ ಹೊಸ ಹಾಳೆ ತೆಗೆದು ಮತ್ತೆ ಬರೆದರು. ಆಮೇಲೆ ಎಲ್ಲರ ಮುಖ ನೋಡುತ್ತ ಕೇಳಿದರು: “ಸಣ್ಣವರಿದ್ದಾಗ ಯಾರಿಗಾದರೂ ಜ್ವರ ಬಂದಾಗ ಫಿಟ್ಸ್ ಬಂದದ್ದಿದೆಯಾ?”

“ಇಲ್ಲ,” ಎಂದರು ಇಬ್ಬರೂ ಅಜ್ಜಿಯರು ಒಟ್ಟಿಗೆ. ಬೀಗತೇರು ಆದ ಮೇಲೆ ಅವರು ಒಂದೇ ಮಾತು ಆಡಿದ್ದು ಅದೇ ಮೊದಲು. ಅಪ್ಪ ಇಲ್ಲ ಎನ್ನುತ್ತ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದ.

ಅಷ್ಟರಲ್ಲಿ ಡಾಕ್ಟರು ಬಂದು ನನ್ನ ಪಕ್ಕದಲ್ಲಿ ನಿಂತು ತಿಳಿಸಿ ಹೇಳಿದರು. ಮೆದುಳಿನ ನರಗಳಿಗೆ ಉಪ್ಪಿನಂಶ ಒಳಗೆ ಬಿಡುವ ಸಣ್ಣ ಸಣ್ಣ ಬಾಗಿಲು ಇರುತ್ತವಂತೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲವಂತೆ. ಅಂಥವರಿಗೆ ಸಣ್ಣವರಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದು, ಬಹಳ ಜನಕ್ಕೆ ತಾನಾಗಿ ಹೋಗಿಬಿಡುತ್ತವೆ. ಒಬ್ಬಿಬ್ಬರಿಗೆ ನನ್ನಂತೆ ಹಟ ಹಿಡಿಯುತ್ತವೆ.

“ನಿನ್ನ ಮೂರು ಮಾತ್ರೆಗಳಲ್ಲಿ ಒಂದು ಅದೇ ಬಾಗಿಲನ್ನು ಮುಚ್ಚುವ ಮಾತ್ರೆ,” ಎಂದರು. “ಬೇರೆಯವರಿಗೆ ಒಳ್ಳೆಯದೇ. ನಿನ್ನದು ಈ ಜಾತಿಯದಾಗಿದ್ದರೆ ನಿನಗೆ ಅದೇ ಕೆಡುಕು. ರಕ್ತದ ವರದಿ ಬರಲು ತಿಂಗಳ ಮೇಲಾಗುತ್ತದೆ. ಮನೆತನದಲ್ಲಿ ಇತ್ತು ಎಂದು ಗೊತ್ತಾದರೆ ಇವತ್ತೇ ಅದನ್ನು ಇಳಿಸಲು ಶುರು ಮಾಡುತ್ತೇನೆ. ಗೊತ್ತಿಲ್ಲದೆ ಕೈ ಹಾಕಲಾರೆ.”

ಅವರು ಒಳಗೆ ಹೋದರು. ತಿಂಗಳು ಅಂದರೆ ಏನೆಂದು ನನಗೆ ಗೊತ್ತು. ನಾಲಿಗೆ ಕಚ್ಚಿಕೊಂಡು ಏಳುವುದು, ಮೈ ಒದ್ದೆ ಮಾಡಿಕೊಂಡು ಏಳುವುದು, ಸುತ್ತ ನಿಂತವರ ಮುಖದಲ್ಲಿ ಅಯ್ಯೋ ಪಾಪ ನೋಡುತ್ತ ಏಳುವುದು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ನನ್ನಲ್ಲಿ ಯಾವಾಗಲೂ ಗೆಲ್ಲುವುದು ಸಿಟ್ಟು.

“ಯಾರ ಕಡಿದು ಅಂತ ನನಗ ಬ್ಯಾಡ!” ಎಂದು ಕಿರುಚಿದೆ. “ಆ ಗುಳಿಗಿ ನುಂಗಬೇಕೋ ಬ್ಯಾಡೋ, ಅದು ಬೇಕು. ಯಾರಿಗೆ ಬಂದಿದ್ವು, ಹೇಳ್ರಿ!”

ದೊಡ್ಡಜ್ಜಿ ಗಂಟಲು ಸರಿಮಾಡಿಕೊಂಡು, “ನನ್ನ ಮಗನ್ನ ಒಂದು ಸೀನೂ ಬರದಂಗ ಬೆಳಸೀನಿ ನಾನು,” ಎಂದಳು.

ಸಣ್ಣಜ್ಜಿಗೆ ಅದು ತಡೆಯಲಿಲ್ಲ. ಸುಳ್ಳು ಅನ್ನುವುದಕ್ಕಲ್ಲ, ಬೆಳೆಸಿದ ಹೆಸರು ಇನ್ನೊಬ್ಬರಿಗೆ ಹೋಯಿತಲ್ಲ ಅನ್ನುವುದಕ್ಕೆ. “ನೀವು ಬೆಳಸಿದ್ರೇನ್ರಿ ಬೀಗತೇರ? ನೀವು ಹೊಲದಾಗ ಇರ್ತಿದ್ರಿ! ಬೆಳಸಿದಾಕಿ ನಾನು! ಜ್ವರ ಬಂದು ಇವನ ಕಣ್ಣು ಮ್ಯಾಲಾಗಿ ಕೈಕಾಲು ಎಳ್ಯಾಕತ್ತಿದ್ರ ಎತ್ಕೊಂಡು ಓಡಿದಾಕಿ ಯಾರು?”

ಸ್ನೇಹಾ ಮೇಡಂ ಮೆಲ್ಲಗೆ ಪೆನ್ಸಿಲ್ ಎತ್ತಿಕೊಂಡರು.

“ಸುಮ್ಕಿರ್ರೀ,” ಎಂದು ದೊಡ್ಡಜ್ಜಿ ಹಲ್ಲು ಕಚ್ಚಿದಳು.

“ಯಾಕ ಸುಮ್ಕಿರ್ಬೇಕು? ಮರಿಯಮ್ಮನಹಳ್ಳಿ ಮುದುಕಿ ಹತ್ರ ಇವನ ಹೊಟ್ಟಿಗೆ ಬರೆ ಹಾಕಿಸ್ಕೊಂಡು ಬಂದಾಕಿ ಯಾರು? ಅಂಗಿ ಎತ್ತಲೇ ಗಾದೀ!”

ಅಪ್ಪ ಎರಡೂ ಕೈಯಿಂದ ಅಂಗಿ ಹಿಡಿದುಕೊಂಡ. ಆಗ ನಮ್ಮವ್ವ ಎದ್ದಳು. ಯಾವತ್ತೂ ಎದುರು ಮಾತಾಡದ ಹೆಂಗಸು ನೆಟ್ಟಗೆ ಹೋಗಿ ಗಂಡನ ಕೈ ಕೊಡವಿ ಅಂಗಿ ಎತ್ತಿದಳು. ಹೊಕ್ಕಳ ಪಕ್ಕದಲ್ಲಿ ಬಳೆಚೂರು ಕಾಸಿ ಇಟ್ಟ ಗುರುತು ಇತ್ತು.

“ಮಾವ, ಇದು ಲಾರಿ ಸೈಲೆನ್ಸರ್ ತಾಗಿದ್ದು ಅಂದಿದ್ರಿ,” ಎಂದಳು ಅವ್ವ.

“ಹೊಟ್ಟೆಗೆ ಸೈಲೆನ್ಸರ್ ಹೇಗೆ ತಾಗುತ್ತೆ?” ಎಂದು ಸ್ನೇಹಾ ಮೇಡಂ ತಡೆಯಲಾರದೆ ಕೇಳಿದರು.

“ನಾನೂ ಕೇಳಿದ್ನಿ ಮೇಡಂ. ಲಾರಿ ಕೆಳಗ ಬೋರಲು ಮಲಗಿ ರಿಪೇರಿ ಮಾಡಾಕತ್ತಿದ್ನಿ ಅಂದ್ರು.” ಅವ್ವ ಅಂಗಿ ಬಿಟ್ಟಳು. “ಬೋರಲು ಮಲಗಿ ಯಾವಾಂವ ಲಾರಿ ರಿಪೇರಿ ಮಾಡ್ತಾನ್ರೀ? ನಾನೂ ನಂಬಿದ್ನಿ, ಹುಚ್ಚಿ. ಇಷ್ಟು ವರ್ಷ ಗ್ರಹಣ ಗ್ರಹಣ ಅಂತ ಬೈಸ್ಕೊಂಡಾಕಿ ನಾನು!”

ಇಷ್ಟಾದ ಮೇಲೆ ದೊಡ್ಡಜ್ಜಿ ಸೋಲುವವಳೇ? ಕೋಲು ಕುಟ್ಟಿ ಎದ್ದು ನಿಂತಳು. “ಭೀಮವ್ವನೋರ, ನಿಮಗೇನು ಕಮ್ಮಿ ಬಂದಿದ್ವೇನ್ರೀ? ನಿಮ್ಮನ್ನ ಎತ್ಕೊಂಡು ಓಡಿದಾಕಿ ನಾನು! ನಿಮ್ಮದೂ ಐತಲ್ಲ ಹೊಟ್ಟಿ ಮ್ಯಾಲ, ಎರಡು ಅದಾವು, ತೋರಸ್ರಿ ಮೇಡಂಗ!”

ಸಣ್ಣಜ್ಜಿಯ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಸ್ನೇಹಾ ಮೇಡಂ ಫಿಟ್ಸ್ ಬಂದವರ ಗುರುತಿಗೆ ಅಪ್ಪನ ಪೆಟಿಗೆಗೆ ಕಪ್ಪು ತುಂಬಿ ಮುಗಿಸಿ, ಸಣ್ಣಜ್ಜಿಯ ರೊಟ್ಟಿಗೆ ಕಪ್ಪು ತುಂಬಿದರು. ಅದನ್ನು ನೋಡಿ ಸಣ್ಣಜ್ಜಿಗೆ ಇನ್ನೂ ಉರಿ ಹತ್ತಿತು.

“ಹಂಗಾದ್ರ ನಿಮಗ ಬಂದಿದ್ದಿಲ್ಲೇನ್ರೀ? ನಿಮ್ಮ ಬರೆ ಎಲ್ಲೈತಿ? ತೋರಸ್ರಿ, ನೋಡೂಣು!”

ದೊಡ್ಡಜ್ಜಿ ಕೋಲು ಊರಿ ಮತ್ತೆ ಬೆಂಚಿಗೆ ಕೂತಳು.

“ಬಂದಿದ್ವು,” ಎಂದಳು. “ಬರೆ ಇಲ್ಲ. ನಾನು ತೊಟ್ಟಿಲಾಗಿದ್ದಾಗ ನಮ್ಮವ್ವ ಸತ್ತಳು. ನನ್ನ ಎತ್ಕೊಂಡು ಓಡಾಕೂ ಯಾರೂ ಇದ್ದಿಲ್ಲ, ಬರೆ ಹಾಕಸಾಕೂ ಯಾರೂ ಇದ್ದಿಲ್ಲ. ಬಿದ್ದಲ್ಲೇ ಬಿದ್ದಿರ್ತಿದ್ನಿ. ಎಚ್ಚರಾದ್ರ ಎದ್ದು ಎಮ್ಮಿ ಕಟ್ಟಾಕ ಹೋಗ್ತಿದ್ನಿ.”

ಸಣ್ಣಜ್ಜಿ ಅವಳ ಪಕ್ಕದಲ್ಲಿ ಕೂತಳು. ‘ರೀ’ ಎಲ್ಲಿ ಹೋಯಿತೋ. “ಯವ್ವಾ,” ಎಂದಳು, “ನನಗೊಂದಿನಾನೂ ಹೇಳಿಲ್ಲಲ್ಲಬೇ.” ದೊಡ್ಡಜ್ಜಿಯ ಕುಪ್ಪಸದ ತೋಳು ಇನ್ನೂ ಮೇಲೆಯೇ ಇತ್ತು. ಮಗಳೇ ಅದನ್ನು ಕೆಳಗೆ ಎಳೆದು ಸರಿಮಾಡಿದಳು.

“ಅಜ್ಜಿ, ನಾನು ಕೇಳಿದಾಗ ಯಾಕೆ ಇಲ್ಲ ಅಂದಿರಿ?” ಎಂದರು ಸ್ನೇಹಾ ಮೇಡಂ.

“ನೀವು ಫಿಟ್ಸ್ ಕೇಳಿದ್ರಿ. ಇದು ಬಾಲಗ್ರಹ,” ಎಂದಳು ದೊಡ್ಡಜ್ಜಿ, ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ. “ನಮ್ಮನ್ಯಾಗ ಎಲ್ಲಾ ಹುಡುಗ್ರಿಗೂ ಬರ್ತೈತಿ. ಈ ಶಿಲ್ಪಾಗೂ ಹಾಲು ಕುಡಿಯೋ ಕೂಸಿದ್ದಾಗ ಬಂದಿತ್ತು.”

ನನಗೂ! ಅದನ್ನು ನಾನು ಆಗಲೇ ಕೇಳಿದ್ದು. ಕಟ್ಟೆ ಒಡೆದಂತಾಯಿತು. ಜಂಬುನಾಥ್ ಮಾವ ಮುಂದೆ ಬಂದು, “ಮೇಡಂ, ನಂದೂ ಒಂದೈತ್ರಿ,” ಎಂದು ನಾಚುತ್ತ ಅಂಗಿ ಎತ್ತಿದ. ಅವನ ಹಿಂದೆ ಇನ್ನೊಬ್ಬ ಎತ್ತಿದ. ನಮ್ಮ ಕಡೆಯವರು ಬಿಟ್ಟುಕೊಡುತ್ತಾರೆಯೇ, ಅವರೂ ಎತ್ತಿದರು. ‘ನಂದು ದೊಡ್ಡದೈತಿ ನೋಡ್ರಿ’ ಎಂದು ಯಾರೋ ಅಂದದ್ದು ಕೇಳಿಸಿತು. ಡಾಕ್ಟರು ಬಾಗಿಲು ತೆಗೆದು ಹೊರಗೆ ಬಂದಾಗ ಎರಡೂ ಕಡೆಯ ಗಂಡಸರು ಸಾಲಾಗಿ ಹೊಟ್ಟೆ ತೋರಿಸಿಕೊಂಡು ನಿಂತಿದ್ದರು. ಅವರು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು ಮತ್ತೆ ಬಂದರು.

ಅವತ್ತೇ ಗುಳಿಗೆ ಇಳಿಸಲು ಶುರುವಾಯಿತು. ಒಮ್ಮೆಗೇ ಬಿಡಬಾರದಂತೆ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ. ಅದರ ಜಾಗಕ್ಕೆ ಬೇರೆ ಕೊಟ್ಟರು. ವರದಿ ಬಂದಾಗ ಡಾಕ್ಟರು ಊಹಿಸಿದ್ದೇ ಬಂತು. ಬಾಗಿಲಿನ ಜೀನೇ ಕೆಟ್ಟಿತ್ತು, ಅಪ್ಪನಲ್ಲೂ ಅದೇ ಇತ್ತು, ಅವ್ವನಲ್ಲಿ ಇರಲಿಲ್ಲ. ಸಣ್ಣಜ್ಜಿ ನಾವು ಗೆದ್ದೆವು ಎಂದು ಸಂಡೂರಿನಲ್ಲಿ ಮಂಡಕ್ಕಿ ಉಂಡೆ ಹಂಚಿದಳು. ಆ ಜೀನು ತನ್ನ ತವರಿನದೇ ಎಂದು ಯಾರು ಹೇಳಿದರೂ ಅದು ಬ್ಯಾರೆ ಮಾತು ಎನ್ನುತ್ತಾಳೆ.

ಫಿಟ್ಸ್ ಕಡಿಮೆಯಾಗುತ್ತ ಬಂದು, ಆಮೇಲೆ ಬರಲೇ ಇಲ್ಲ. ಇನ್ನು ಬರುವುದೇ ಇಲ್ಲ ಎಂದು ಡಾಕ್ಟರು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಬಹಳ ತಿಂಗಳು ನೋಡಿ ಕೊನೆಗೊಂದು ದಿನ, ಬಾಣಲೆಯನ್ನು ಕಟ್ಟೆಗೆ ಹೂತು ಗಟ್ಟಿ ಕೂರಿಸಿ, ಪಕ್ಕದಲ್ಲಿ ಒಬ್ಬರು ಇರುವುದಾದರೆ ನಿಲ್ಲಬಹುದು ಎಂದರು.

ಒಬ್ಬರು ಎಂದಿದ್ದರು. ನಾನು ಮೊದಲ ದಿನ ಹಿಟ್ಟು ಕಲಸಿ ಒಲೆ ಹಚ್ಚಿದಾಗ ಪಕ್ಕದಲ್ಲಿ ಅವ್ವ, ಹಿಂದೆ ದೊಡ್ಡಜ್ಜಿ, ಬಸ್ಸಿಗೆ ಬಂದ ಸಣ್ಣಜ್ಜಿ, ಜಂಬುನಾಥ್ ಮಾವ, ಓಣಿಯ ಜನ. ಒಬ್ಬರು ನನ್ನ ಸೊಂಟ ಹಿಡಿದಿದ್ದರು, ಒಬ್ಬರು ಜಡೆ ಹಿಡಿದಿದ್ದರು. ಗಿರಾಕಿಗಳು ಇಲ್ಲಿ ಯಾರೋ ಸತ್ತಿದ್ದಾರೆ ಎಂದು ತಿಳಿದು ಮುಂದಿನ ಅಂಗಡಿಗೆ ಹೋದರು. ನನಗೆ ಎಲ್ಲಿತ್ತೋ ಸಿಟ್ಟು, ಮಿರ್ಚಿ ಎತ್ತುವ ಜಾರಿ ಸೌಟು ತೋರಿಸಿ ಎಲ್ಲರನ್ನೂ ರಸ್ತೆ ತನಕ ಅಟ್ಟಿದೆ.

ತಿರುಗಿ ಬಂದರೆ ಅಪ್ಪ ಮಾತ್ರ ಒಲೆಯ ಪಕ್ಕದಲ್ಲಿ ನಿಂತಿದ್ದ.

“ನೀ ಯಾಕ ನಿಂತಿ? ನಡಿ,” ಎಂದೆ.

“ನನಗ ಗೊತ್ತಿತ್ತು, ಶಿಲ್ಪಾ,” ಎಂದ ಅಪ್ಪ. ಎಣ್ಣೆಯನ್ನೇ ನೋಡುತ್ತಿದ್ದ. “ನಾನು ಸಣ್ಣಾಂವಿದ್ದಾಗಿಂದು. ಆ ಬಳಿಚೂರು ಕಾಸಿದ್ದು ಇವತ್ತಿಗೂ ನೆಪ್ಪೈತಿ. ನೀ ಕೂಸಿದ್ದಾಗ ಹಂಗಾದಾಗ್ಲೇ ನನಗ ಗೊತ್ತಾತು. ಡಾಕ್ಟ್ರು ಕೇಳಿದಾಗೆಲ್ಲ ಇಲ್ಲ ಅಂದೆ. ಹೂಂ ಅಂದ್ರ, ನಿನಗ ಇದು ಕೊಟ್ಟಾಂವ ನಾನೇ ಅಂತ ಆಕ್ಕಿತ್ತಲ್ಲ.”

ಎಷ್ಟು ಸಲ ಬಿದ್ದಿದ್ದೆ! ಎಷ್ಟು ಡಾಕ್ಟರು ಕೇಳಿದ್ದರು! ನನಗೆ ಆತನ ಮೇಲೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ, ಅಷ್ಟೇ ಅಯ್ಯೋ ಪಾಪವೂ ಅನ್ನಿಸಿತು.

“ಕೊಟ್ಟಿದ್ದಕ್ಕ ನಾನು ಬೈಯಂಗಿಲ್ಲ,” ಎಂದೆ. “ಅದೇನು ನೀನು ಕೇಳಿ ಕೊಟ್ಟಿದ್ದಾ? ಇಲ್ಲ ಅಂದ್ಯಲ್ಲ, ಅದಕ್ಕ ಬೈತೀನಿ. ದಿನಾ ಬೈತೀನಿ.”

“ಬೈ,” ಎಂದ ಅಪ್ಪ.

“ಮೊದಲು ಮೆಣಸಿನಕಾಯಿ ಸೀಳು. ನೀ ಸೀಳೋದೂ ನೆಟ್ಟಗಿರಂಗಿಲ್ಲ.”

ಕತ್ತಲಾಗಿ ಅಂಗಡಿ ಮುಚ್ಚುವ ತನಕ ಬೈದೆ. ಮಿರ್ಚಿ ಅಷ್ಟೂ ಖರ್ಚಾದವು. ಅಪ್ಪ ಹೂಂಗುಟ್ಟುತ್ತ ಮೆಣಸಿನಕಾಯಿ ಸೀಳುತ್ತ ನಿಂತಿದ್ದ. ಚಹಾ ಕುಡಿಯಲು ಕರೆದರೂ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.